ಬಾರಮುಂಡಿ ಮೀನಿಗೆ ಫ್ಲೈ (ಗರಿ, ನೂಲು ಸುತ್ತಿದ ಹುಸಿ ಎರೆಯ ಗಾಳ) ಕಟ್ಟಲು ನಂಬಬಹುದಾದ ಗಂಟು ಯಾವುದು? ಅನುಭವಸ್ಥರು ತಿಳಿಸಿ

ಪ್ರಶ್ನೆ, ಶಿರಸಿಯಿಂದ: ಮುಂದಿನ ತಿಂಗಳು ಕಾಳಿ ನದಿಯ ಅಳಿವೆಯಲ್ಲಿ ಫ್ಲೈ ರಾಡ್ ಹಿಡಿದು ಬಾರಮುಂಡಿಗೆ ಪ್ರಯತ್ನಿಸಬೇಕೆಂದಿದ್ದೇನೆ. 30 ಪೌಂಡ್ ಎಳೆತ ತಾಳುವ ಫ್ಲೋರೋಕಾರ್ಬನ್ ಲೀಡರಿಗೆ (ಫ್ಲೈ ಕಟ್ಟುವ ತುದಿಯ ಪಾರದರ್ಶಕ ದಾರಕ್ಕೆ) ಫ್ಲೈಯನ್ನು ಯಾವ ಗಂಟಿನಿಂದ ಕಟ್ಟುವುದು ಒಳ್ಳೆಯದು? ನನಗೆ ದೃಷ್ಟಿ ಮಂದವಾಗಿರುವುದರಿಂದ ಮುಸ್ಸಂಜೆಯಲ್ಲೂ ಕಟ್ಟುವಂತಿರಬೇಕು.

ಕುಮಟಾದಿಂದ: ಅಘನಾಶಿನಿಯಲ್ಲಿ ನಾನು ಪಾಲೋಮಾರ್ ಗಂಟು ಬಿಟ್ಟು ಬೇರೊಂದನ್ನು ಕಟ್ಟುವುದಿಲ್ಲ. ಮೊದಲು ಎಲ್ಲರಂತೆ ಕ್ಲಿಂಚ್ ಗಂಟು ಕಟ್ಟುತ್ತಿದ್ದೆ. ದಪ್ಪ ಫ್ಲೋರೋಕಾರ್ಬನ್ನಿನಲ್ಲಿ ಅದರ ಸುತ್ತುಗಳು ಒತ್ತಾಗಿ ಕೂರಲಿಲ್ಲ, ಮೀನು ಎಳೆದದ್ದೇ ತಡ, ಗಂಟು ಜಾರಿಹೋಯಿತು. ಆ ಸಂಜೆಗೆ ದೋಣಿಯವರಿಗೆ 1,500 ರೂಪಾಯಿ ಕೊಟ್ಟಿದ್ದೆ, ಫ್ಲೈಗೆ 380, ಲೀಡರ್ ಸುರುಳಿಗೆ 1,750. ಇಷ್ಟೆಲ್ಲ ಸುರಿದು ಬರಿಗೈಯಲ್ಲಿ ಮನೆಗೆ ಬಂದ ಮೇಲೆ, ದಾರವನ್ನು ಜೋಡಿ ಮಾಡಿ ಗಾಳದ ಕಣ್ಣಿನೊಳಗೆ (ತೂತಿನೊಳಗೆ) ತೂರಿಸುವ ಪಾಲೋಮಾರನ್ನೇ ಹಿಡಿದುಕೊಂಡೆ.

ಕಾರವಾರದಿಂದ: ಪಾಲೋಮಾರಿನ ಬಲವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದು ಗಾಳದ ಕಣ್ಣನ್ನು ಬಿಗಿಹಿಡಿಯುವುದರಿಂದ ಫ್ಲೈ ನೀರಿನಲ್ಲಿ ಸಲೀಸಾಗಿ ಹೊರಳುವುದಿಲ್ಲ. ಫ್ಲೈಯನ್ನೇ ಕುಣಿಕೆಯೊಳಗಿಂದ ದಾಟಿಸಬೇಕಾದ್ದರಿಂದ ಪ್ರತಿ ಬದಲಾವಣೆಗೂ ದುಬಾರಿ ಲೀಡರ್ ಬೇಗ ಬೇಗ ಮೊಟಕಾಗುತ್ತದೆ. ಸದಾಶಿವಗಡದ ಕಡೆಯ ನೀರಿನಲ್ಲಿ ನನಗೆ ಮೀನು ಕೊಟ್ಟದ್ದು ಜಾರದ ಕುಣಿಕೆ ಗಂಟು. ಮೊದಲು ದಾರದಲ್ಲಿ ಸಡಿಲವಾದ ಸಾದಾ ಗಂಟು ಹಾಕಿ, ತುದಿಯನ್ನು ಕಣ್ಣಿನಿಂದ ತಂದು ಅದೇ ಗಂಟಿನೊಳಗೆ ಮರಳಿಸಿ, ಮೂಲ ದಾರಕ್ಕೆ ನಾಲ್ಕು ಸುತ್ತು ಸುತ್ತಿ, ಮತ್ತೆ ಅದೇ ಗಂಟಿನೊಳಗೆ ತೂರಿಸಿ ನಿಧಾನವಾಗಿ ಎಳೆಯಬೇಕು. ಇಷ್ಟನ್ನು ಕಲಿಯದೆ ಗಂಟಿನ ಬಗ್ಗೆ ತೀರ್ಪು ಕೊಡುವುದು ಸರಿಯಲ್ಲ.

ಹೊನ್ನಾವರದಿಂದ: ಇಬ್ಬರೂ ಗಂಟಿನ ಮೇಲೆಯೇ ನಿಂತಿದ್ದೀರಿ. ಬಾರಮುಂಡಿಯ ಕಿವಿರು ಮುಚ್ಚಳದ ಅಂಚು ಲೀಡರನ್ನು ಕೊಯ್ಯುತ್ತದೆ, ಅಳಿವೆಯ ಬಂಡೆಗೆ ಅಂಟಿದ ಸಿಂಪಿಯೂ ಕೊಯ್ಯುತ್ತದೆ. ಮೀನು ತಪ್ಪಿದ ಮೇಲೆ ಲೀಡರಿನ ಉಳಿದ ತುದಿ ಸುರುಳಿಯಾಗಿದ್ದರೆ ಗಂಟು ಜಾರಿದೆ. ತರಚಿ ಒರಟಾಗಿದ್ದರೆ ಗಂಟಿಗೆ ಸಂಬಂಧವೇ ಇಲ್ಲ. ಶರಾವತಿಯಲ್ಲಿ ನಾನು 40 ಪೌಂಡಿನ ಲೀಡರಿಗೆ ಏರಿದ ಮೇಲೆ ಯೂನಿ ಗಂಟೇ ಸಾಕಾಗಿದೆ. ಕುಮಟಾದವರು ತುದಿಯನ್ನು ನೋಡಿದ್ದರೇ?

ಕುಮಟಾದಿಂದ: ನೋಡಿದ್ದೇನೆ ಮಾರಾಯರೇ, ಸುರುಳಿಯಾಗಿಯೇ ಇತ್ತು, ಈಗಲೂ ಡಬ್ಬಿಯಲ್ಲಿದೆ. ನನ್ನ ಕೈಯಿಂದ ಹೋದ ಮೀನಿನ ಕಥೆಯನ್ನು ತಾವು ಹೊನ್ನಾವರದಲ್ಲಿ ಕೂತು ಬದಲಿಸಬೇಡಿ.

ಕಾರವಾರದಿಂದ: ಹಾಗಾದರೆ ಎಳೆಯುವ ಮುನ್ನ ಒದ್ದೆ ಮಾಡಿರಲಿಲ್ಲವೆಂದೇ ಅರ್ಥ. ಒಣ ದಾರವನ್ನು ಬಿಗಿದರೆ ಉಜ್ಜಾಟದ ಬಿಸಿಗೆ ಅದರ ಬಲ ಕುಗ್ಗುತ್ತದೆ.

ಕುಮಟಾದಿಂದ: ಉಗುಳು ಹಚ್ಚದೆ ನಾನು ಯಾವ ಗಂಟನ್ನೂ ಬಿಗಿದವನಲ್ಲ. ಈ ಮಾತನ್ನು ತಾವು ಹಿಂತೆಗೆದುಕೊಳ್ಳಬೇಕು.

ಶಿರಸಿಯಿಂದ: ದಯವಿಟ್ಟು, ಕತ್ತಲೆಯಲ್ಲಿ ಕಟ್ಟಲು ಯಾವುದು ಸುಲಭ?

ಹೊನ್ನಾವರದಿಂದ: ಕತ್ತಲೆಯಲ್ಲಿ ಕಟ್ಟುವುದಾದರೆ ಪಾಲೋಮಾರ್, ಏಕೆಂದರೆ ಅದನ್ನು ಬೆರಳಿನ ಸ್ಪರ್ಶದಿಂದಲೇ ಕಟ್ಟಬಹುದು. ಹಾಗೆಂದು ಕುಮಟಾದವರು ಹೇಳಿದ್ದೆಲ್ಲವನ್ನೂ ನಾನು ಒಪ್ಪಿದೆನೆಂದು ಯಾರೂ ತಿಳಿಯಬಾರದು.