ಹೆಡಿಂಗ್, ಕೋರ್ಸ್, ಬೇರಿಂಗ್: ಮೂರಕ್ಕೂ ‘ದಿಕ್ಕು’ ಸಾಕೇ?

ಗೆಳೆಯರೇ,

ಕಲಬುರಗಿಯ ಹಳೆ ಜಾಗಗಳನ್ನು ನಡೆದುಕೊಂಡು ನೋಡುವವರಿಗೆ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಕೋಟೆ, ದರ್ಗಾ, ಶರಣಬಸವೇಶ್ವರ ಗುಡಿ, ನಡುವಿನ ಓಣಿಗಳು, ಇಷ್ಟೇ. ಫೋನಿನ ಮ್ಯಾಪ್ ಹಿಡಿದು ದಾರಿ ಹುಡುಕುವುದು ಹೇಗೆ ಅಂತ ಅದರಲ್ಲಿ ಎರಡು ಪುಟ ಬೇಕು. ಕೆಲಸ ನಿಂತಿರುವುದು ಅಲ್ಲೇ. ಇಂಗ್ಲಿಷಿನವರು ಹೆಡಿಂಗ್, ಕೋರ್ಸ್, ಬೇರಿಂಗ್ ಅಂತ ಮೂರು ಮಾತು ಬಳಸುತ್ತಾರೆ. ನನ್ನ ಕಣ್ಣಿಗೆ ಬಿದ್ದ ಕನ್ನಡ ಬರಹಗಳಲ್ಲಿ ಮೂರಕ್ಕೂ ‘ದಿಕ್ಕು’. ಕಾರಿನಲ್ಲಿ ಕೂತವರಿಗೆ ಇದರಿಂದ ಅಂಥ ತೊಂದರೆ ಇಲ್ಲ, ಕಾರಿನ ಮೂತಿ ಯಾವ ಕಡೆಗೋ ಓಟವೂ ಆ ಕಡೆಗೇ. ನಡೆಯುವವರು ಹಾಗಲ್ಲ. ನಿಲ್ಲುತ್ತಾರೆ, ಅಂಗಡಿ ನೋಡುತ್ತಾರೆ, ಯಾರನ್ನೋ ಮಾತಾಡಿಸುತ್ತಾ ಅಡ್ಡಡ್ಡ ಹೋಗುತ್ತಾರೆ.

ಊರಿನ ಸೂಪರ್ ಮಾರ್ಕೆಟ್ ಪ್ರದೇಶದಲ್ಲಿ ನಿಂತು ಫೋನ್ ತೆಗೆದಿರಿ ಅನ್ನಿ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಜಿಪಿಎಸ್ ಉಪಗ್ರಹಗಳಲ್ಲಿ ಕನಿಷ್ಠ ನಾಲ್ಕರ ಸಂಕೇತ ಸಿಕ್ಕರೆ ನೀವು ಎಲ್ಲಿದ್ದೀರಿ ಅಂತ ಫೋನು ಲೆಕ್ಕ ಹಾಕುತ್ತದೆ. ಬಯಲಾದರೆ ಸುಮಾರು 5 ಮೀಟರ್ ಆಚೀಚೆ. ಆದರೆ ನಿಮ್ಮ ಮುಖ ಯಾವ ಕಡೆಗಿದೆ ಅನ್ನುವುದು ಆ ಸಂಕೇತದಿಂದ ತಿಳಿಯುವುದಿಲ್ಲ. ಅದಕ್ಕೆ ಫೋನಿನೊಳಗೆ ಬೇರೆ ದಿಕ್ಸೂಚಿ ಇದೆ. ಹತ್ತಿರದಲ್ಲಿ ಕಬ್ಬಿಣದ ಶಟರ್ರೋ ಬೈಕೋ ಇದ್ದರೆ ಅದು ತಪ್ಪು ತೋರಿಸುತ್ತದೆ. ಹೀಗೆ ಮುಖ ಇರುವ ಕಡೆಯೇ ಹೆಡಿಂಗ್. ನಡೆಯಲು ಶುರು ಮಾಡಿದ ಮೇಲೆ ಯಾವ ಕಡೆ ಸಾಗುತ್ತಿದ್ದೀರಿ ಅನ್ನುವುದು ಕೋರ್ಸ್. ನಿಂತವರಿಗೆ ಕೋರ್ಸೇ ಇಲ್ಲ. ನೀವು ನಿಂತ ಜಾಗದಿಂದ ಹೋಗಬೇಕಾದ ಜಾಗ ನೇರ ಗೆರೆಯಲ್ಲಿ ಯಾವ ಕಡೆಗಿದೆ ಅನ್ನುವುದು ಬೇರಿಂಗ್. ಆ ಗೆರೆ ಕೋಟೆಯ ಕಂದಕದ ಮೇಲೆ ಹಾದು ಹೋದರೂ ಅದು ಬೇರಿಂಗೇ. ದಾರಿಯ ಚಿಂತೆ ಅದಕ್ಕಿಲ್ಲ.

ಈಗ ಕೈಪಿಡಿಯಲ್ಲಿ ‘ದಿಕ್ಕು ತಪ್ಪಿದರೆ’ ಅಂತ ಬರೆದರೆ ಓದುವವರು ಏನು ಮಾಡಬೇಕು? ಹೆಡಿಂಗ್ ತಪ್ಪಿದ್ದರೆ ಫೋನನ್ನು ಗಾಳಿಯಲ್ಲಿ ಎಂಟರ ಅಂಕಿ ಬರೆದಂತೆ ಆಡಿಸಬೇಕು. ಕೋರ್ಸ್ ತಪ್ಪಿದ್ದರೆ ಅದರಿಂದ ಉಪಯೋಗವಿಲ್ಲ. ಎತ್ತರದ ಕಟ್ಟಡಗಳ ನಡುವೆ ಸಂಕೇತ ಗೋಡೆಗೆ ಬಡಿದು ಬರುತ್ತದೆ, ಚುಕ್ಕೆ ಪಕ್ಕದ ಓಣಿಗೆ ಜಿಗಿಯುತ್ತದೆ. ಆಗ ತುಸು ಬಯಲಿಗೆ ಬಂದು ನಡೆಯಬೇಕು. ಒಂದೇ ಮಾತು ಬಳಸಿದರೆ ಜನ ಸುಮ್ನೆ ರಸ್ತೆ ನಡುವೆ ಫೋನ್ ಬೀಸುತ್ತಾ ನಿಲ್ಲುತ್ತಾರೆ, ಅಲ್ವಾ?

ಹೆಡಿಂಗ್‌ಗೆ ನಮ್ಮ ಕಡೆ ಒಳ್ಳೆ ಮಾತಿದೆ: ಮಾರಿ, ಅಂದರೆ ಮುಖ. ‘ಗುಡಿ ಕಡಿ ಮಾರಿ ಮಾಡಿ ನಿಂದರ್ರಿ, ಬಲಕ್ಕ ಒಂದ ಓಣಿ ಅದ, ಅದ್ರಾಗ ಸೀದಾ ಹೋಗ್ರಿ’ ಅಂದರೆ ಕಲಬುರಗಿಯಲ್ಲಿ ಯಾರಿಗೂ ಗೊಂದಲವಿಲ್ಲ. ಮೈಸೂರು ಕಡೆಯವರು ಮಾತ್ರ ಮಾರಮ್ಮನನ್ನು ನೆನೆದು ಗಾಬರಿಯಾದಾರು! ಹಾಗಾಗಿ ‘ಮುಖ’ ಅಂತ ಇಡೋಣ ಅಂದುಕೊಂಡಿದ್ದೇನೆ. ‘ಪೂರ್ವಕ್ಕೆ ಮುಖ ಮಾಡಿದ ಮನೆ’ ಅಂತ ಎಲ್ಲ ಕಡೆ ಅನ್ನುತ್ತಾರಲ್ಲ. ಹೆಡಿಂಗ್ ಅಂತಲೇ ಬಿಟ್ಟರೆ ಓದುವವರು ತಲೆಬರಹ ಅಂದುಕೊಳ್ಳುತ್ತಾರೆ. ಬೇರಿಂಗ್ ಅಂದರಂತೂ ಸೈಕಲ್ ರಿಪೇರಿಯೇ ಗತಿ.

ಬೇರಿಂಗ್‌ಗೆ ‘ಗುರಿದಿಕ್ಕು’ ಅಂತ ಬರೆದಿದ್ದೇನೆ. ಸ್ವಲ್ಪ ಕಟ್ಟಿದ ಮಾತು, ಆದರೆ ಓದಿದ ಕೂಡಲೇ ಅರ್ಥವಾಗುತ್ತದೆ. ಇದನ್ನು ವಿವರಿಸಲು ಕಿಬ್ಲಾಕ್ಕಿಂತ, ಅಂದರೆ ಮುಸ್ಲಿಮರು ನಮಾಜಿಗೆ ಮುಖ ಮಾಡುವ ಕಾಬಾದ ದಿಕ್ಕಿಗಿಂತ, ಒಳ್ಳೆ ಉದಾಹರಣೆ ನನಗೆ ಸಿಕ್ಕಿಲ್ಲ. ಕಲಬುರಗಿಯಿಂದ ಮೆಕ್ಕಾದ ಕಾಬಾ ಪಡುವಣಕ್ಕಿಂತ ತುಸು ಉತ್ತರಕ್ಕೆ ಬರುತ್ತದೆ. ಉತ್ತರವನ್ನು 0 ಅಂತ ಹಿಡಿದು ಗಡಿಯಾರದ ಮುಳ್ಳು ಹೋಗುವ ಕಡೆಗೆ ಎಣಿಸಿದರೆ ಸುಮಾರು 283 ಡಿಗ್ರಿ. ನೀವು ಸ್ಟೇಷನ್ ಕಡೆ ಮುಖ ಮಾಡಿ ನಿಂತರೂ, ಗಂಜ್ ಕಡೆ ನಡೆಯುತ್ತಿದ್ದರೂ ಅದು ಬದಲಾಗುವುದಿಲ್ಲ. ಹತ್ತಿರದ ಜಾಗವಾದರೆ ನೀವು ಸರಿದಂತೆ ಗುರಿದಿಕ್ಕೂ ಸರಿಯುತ್ತದೆ, ಆಗಲೂ ಮುಖ ತಿರುಗಿಸಿದ ಮಾತ್ರಕ್ಕೆ ಬದಲಾಗುವುದಿಲ್ಲ.

ಮುಖ ‘ತಿರುಗಿಸು’ ಸರಿ. ‘ಬಲಕ್ಕೆ ತಿರುಗಿ ಹೋಗಿ’ ಅಂತ ಬರೆದರೆ ‘ಮತ್ತೆ ಹೋಗಿ’ ಅಂತಲೂ ಕೇಳಿಸುತ್ತದೆ. ನಮ್ಮ ‘ಹೊಳ್ಳಿ’ಯದೂ ಅದೇ ಕಥೆ, ‘ಹೊಳ್ಳಿ ಬಾ’ ಅಂದರೆ ವಾಪಸ್ ಬಾ. ಸದ್ಯಕ್ಕೆ ‘ಬಲಕ್ಕೆ ಹೊರಳಿ’ ಅಂತ ಹಾಕಿದ್ದೇನೆ.

ಉಳಿದದ್ದು ಕೋರ್ಸ್. ‘ನಡೆ’ ಚಿಕ್ಕದು, ಚೆನ್ನಾಗಿದೆ, ಆದರೆ ನಡತೆಯ ಅರ್ಥ ಮೊದಲು ಬರುತ್ತದೆ. ‘ಪಥ’ ಬೇಡ, ಅದು ರಾಕೆಟ್ಟಿಗೆ ಇರಲಿ. ‘ಸಾಗುವ ಕಡೆ’ ನಡೆಯುತ್ತದೆ, ಫೋನಿನ ಸಣ್ಣ ಪರದೆಗೆ ಜಾಸ್ತಿ ಉದ್ದ. ಕರಾವಳಿಯವರನ್ನು ಕೇಳಬೇಕು ಅನ್ನಿಸುತ್ತಿದೆ. ದೋಣಿಯ ಮೂತಿ ಒಂದು ಕಡೆಗಿದ್ದು, ಗಾಳಿಗೋ ನೀರಿನ ಸೆಳೆತಕ್ಕೋ ಅದು ಇನ್ನೊಂದು ಕಡೆ ಸಾಗುತ್ತಿದ್ದರೆ ಮೀನುಗಾರರು ಈ ಎರಡನ್ನೂ ಬೇರೆ ಬೇರೆ ಮಾತಿನಲ್ಲಿ ಹೇಳುತ್ತಾರಾ? ಹೇಳುವುದಾದರೆ ಆ ಮಾತುಗಳನ್ನು ಅವರು ಆಡುವ ಹಾಗೆಯೇ ಬರೆದು ಕಳಿಸಿ, ಯಾವ ಊರಿನದು ಅಂತಲೂ ತಿಳಿಸಿ.