ರಾತ್ರಿ ಎಂಟಕ್ಕೆ ತಿಂದ ಎರಡು ಮಸಾಲೆ ದೋಸೆ: ತಿಂಡಿನಾ, ಊಟಾನಾ?

ಜಯನಗರ ಶ್ವೇತಾ: ನಾನು ಆಹಾರ ವಿಜ್ಞಾನ ಓದುತ್ತಿದ್ದೇನೆ. ನಮ್ಮ ಏರಿಯಾದ 30 ಜನ ಹಿಂದಿನ ದಿನ ಏನೇನು ತಿಂದರು ಅಂತ ಕೇಳಿ ಬರೆದುಕೊಂಡಿದ್ದೇನೆ. ಈಗ ಒಂದೊಂದಕ್ಕೂ ಊಟ ಅಥವಾ ತಿಂಡಿ ಅಂತ ಗುರುತು ಹಾಕಬೇಕು. ಒಬ್ಬರು ದರ್ಶಿನಿಯಲ್ಲಿ ಎರಡು ಮಸಾಲೆ ದೋಸೆ ತಿಂದು ಮಲಗಿದ್ದಾರೆ. ಕೇಳಿದರೆ ‘ರಾತ್ರಿ ಊಟ ಮಾಡಲಿಲ್ಲ’ ಅಂದರು. ನನ್ನ ಪ್ರಕಾರ ತಿಂದವರು ಏನಂತಾರೋ ಅದೇ ಸರಿ.

ಲೆಕ್ಕದ ಮೇಷ್ಟ್ರು: ‘ತಿಂದವರು ಏನಂತಾರೋ ಅದೇ ಸರಿ’ ಅಂದರೆ ಲೆಕ್ಕ ಕೆಟ್ಟಿತು ಅಂತಲೇ ಅರ್ಥ. ಸರ್ಕಾರದ ಎನ್‌ಎಸ್‌ಎಸ್ (ರಾಷ್ಟ್ರೀಯ ಮಾದರಿ ಸಮೀಕ್ಷೆ) ಮನೆಖರ್ಚಿನ ಸಮೀಕ್ಷೆ ನೋಡಿ. ತಟ್ಟೆಯಲ್ಲಿ ಎಷ್ಟಿದೆ ಅನ್ನುವುದನ್ನು ನೋಡಿ ಊಟವೋ ನಾಷ್ಟಾವೋ ತೀರ್ಮಾನಿಸಿ ಅಂತ ಸಿಬ್ಬಂದಿಗೆ ಹೇಳಿದ್ದಾರೆ. ಎರಡು ಮಸಾಲೆ ದೋಸೆ ಊಟವೇ.

ರಾಗಿಮುದ್ದೆ ಮಂಜ: ದೋಸೆ ಊಟವೇ? ನಮ್ಮಜ್ಜಿ ಶನಿವಾರ ಒಪ್ಪತ್ತು ಮಾಡುತ್ತಾರೆ. ರಾತ್ರಿ ದೋಸೆ, ಉಪ್ಪಿಟ್ಟು ತಿನ್ನುತ್ತಾರೆ. ಅದು ಫಲಾಹಾರ. ಅನ್ನವೋ ಮುದ್ದೆಯೋ ಇದ್ದರೆ ಮಾತ್ರ ಊಟ. ಮೇಷ್ಟ್ರು ಹೇಳಿದ ಅದೇ ಎನ್‌ಎಸ್‌ಎಸ್ ಸಿಬ್ಬಂದಿಯ ಸೂಚನೆ ಪುಸ್ತಕದಲ್ಲಿ ಊಟದ ಮುಖ್ಯ ಭಾಗ ಸಾಮಾನ್ಯವಾಗಿ ಧಾನ್ಯ ಅಂತಲೂ ಇದೆ. ಆ ಸಾಲು ಯಾಕೆ ಬಿಟ್ಟರು?

ಲೆಕ್ಕದ ಮೇಷ್ಟ್ರು: ದೋಸೆ ಏನು ಮಣ್ಣಿನದಾ? ಅಕ್ಕಿಯದೇ ಅಲ್ವಾ.

ಗಿರಿನಗರ ಸುಮಾ: ಮಂಜಣ್ಣ, ಅನ್ನ ಇದ್ದರೆ ಊಟ ಅಂತೀರಲ್ಲ, ಬೆಳಿಗ್ಗೆಯ ಚಿತ್ರಾನ್ನ? ಹೆಸರಲ್ಲೇ ಅನ್ನ ಇದೆ. ಬೆಂಗಳೂರಲ್ಲಿ ಯಾರಾದರೂ ‘ತಿಂಡಿ ಆಯ್ತಾ’ ಅಂದರೆ ‘ಇಲ್ಲ, ಚಿತ್ರಾನ್ನ ಊಟ ಆಯ್ತು’ ಅಂತಾರಾ?

ರಾಗಿಮುದ್ದೆ ಮಂಜ: ಚಿತ್ರಾನ್ನ ಕಲಸಿದ್ದು. ಅನ್ನ ಬಡಿಸಿ ಸಾರು ಹಾಕಿದರೆ ಊಟ. ಕಲಸಿಟ್ಟದ್ದು ತಿಂಡಿ.

ಗಿರಿನಗರ ಸುಮಾ: ಕಲಸಿಟ್ಟದ್ದು ತಿಂಡಿನಾ? 20 ವರ್ಷದಿಂದ ಆಫೀಸಿಗೆ ಡಬ್ಬಿಯಲ್ಲಿ ಪುಳಿಯೋಗರೆ, ಮೊಸರನ್ನ ಒಯ್ಯುತ್ತಿದ್ದೇನೆ. ಅದೇ ನನ್ನ ಮಧ್ಯಾಹ್ನದ ಊಟ. ನನ್ನಂಥವರು ಊಟಾನೇ ಮಾಡಲ್ಲ ಅಂತ ಬರೀತೀರಾ? ಬಿಸಿಬೇಳೆ ಬಾತ್‌ನಲ್ಲಿ ಅಕ್ಕಿ, ಬೇಳೆ, ತರಕಾರಿ ಎಲ್ಲಾ ಇದೆ. ಅದೂ ತಿಂಡಿನಾ?

ರಾಗಿಮುದ್ದೆ ಮಂಜ: ಬಿಸಿಬೇಳೆ ಬಾತ್ ಬೆಳಿಗ್ಗೆ ಏಳಕ್ಕೇ ದರ್ಶಿನಿಯಲ್ಲಿ ಸಿಗುತ್ತೆ. ಇಡ್ಲಿ, ಖಾರಾಬಾತ್ ಪಕ್ಕದಲ್ಲೇ ಬರೆದಿರುತ್ತಾರೆ. ಮತ್ತೇನು?

ಡೇಟಾ ದೀಪು: ಸುಮ್ನೆ ಪದ ಹಿಡಿದು ಜಗ್ಗುತ್ತಿದ್ದೀರಿ. ಊಟ, ತಿಂಡಿ ಎರಡೂ ಬಿಟ್ಟು ಎಷ್ಟು ಸಲ ತಿಂದರು ಅಂತ ಎಣಿಸಿ. 2015ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಇಂಥ ಹಲವು ಅಳತೆಗಳನ್ನು ಹೋಲಿಸಿದ್ದರು. ಅದರಲ್ಲಿ ಒಂದು ಹೀಗಿತ್ತು: ಎರಡು ಸಲದ ನಡುವೆ 15 ನಿಮಿಷ ಅಂತರ ಇರಬೇಕು, ಕನಿಷ್ಠ 210 ಕಿಲೋಜೂಲ್ ಇರಬೇಕು. ಅಂದರೆ ಸುಮಾರು 50 ಕಿಲೋಕ್ಯಾಲೊರಿ. ಅಷ್ಟೇ. ಅಜ್ಜಿಯನ್ನೂ ಕೇಳಬೇಕಿಲ್ಲ, ಬೋರ್ಡನ್ನೂ ನೋಡಬೇಕಿಲ್ಲ.

ರಾಗಿಮುದ್ದೆ ಮಂಜ: ಆಸ್ಟ್ರೇಲಿಯಾದವರಿಗೆ ಒಪ್ಪತ್ತು ಗೊತ್ತಾ? ಅಜ್ಜಿ ವಿಷಯಕ್ಕೆ ಬರಬೇಡಿ.

ಡೇಟಾ ದೀಪು: ಕಿಲೋಜೂಲ್ ಅಲ್ಲೂ ಅದೇ, ಮಂಡ್ಯದಲ್ಲೂ ಅದೇ! ಅಳತೆ ಬಗ್ಗೆ ಮಾತಾಡಿದರೆ ಅಜ್ಜಿಗೆ ಅವಮಾನ ಹೇಗಾಗುತ್ತೆ?

ಜಯನಗರ ಶ್ವೇತಾ: ದೀಪು, ನಿಮ್ಮ 50ರ ಗೆರೆ ಇಲ್ಲಿ ಕೆಲಸಕ್ಕೆ ಬರಲ್ಲ. ನನ್ನ ಪಟ್ಟಿಯಲ್ಲಿ ದಿನಕ್ಕೆ ಐದು ಸಲ ಬೈಟು ಕಾಫಿ ಕುಡಿಯುವವರಿದ್ದಾರೆ. ಪ್ರತಿ ಲೋಟದಲ್ಲೂ ಹಾಲು, ಸಕ್ಕರೆ. ಒಂದೊಂದೂ ಗೆರೆಯ ಕೆಳಗೇ ಉಳಿದರೆ ಐದೂ ಲೆಕ್ಕದಿಂದ ಹೊರಗೆ. ಶುಗರ್ ಇರುವವರ ವಿಷಯದಲ್ಲಿ ನಾನು ನೋಡಬೇಕಾದದ್ದೇ ಅದು.

ಡೇಟಾ ದೀಪು: ದಿನದ ಒಟ್ಟು ಸಕ್ಕರೆ ಬೇರೆ ಕೂಡಿಸಿಕೊಳ್ಳಿ. ಗೆರೆ ಬೇಕೇ ಬೇಕು.

ಲೆಕ್ಕದ ಮೇಷ್ಟ್ರು: ಗೆರೆ ಬೇಕು ಅಂತ ನಾನು ಮೊದಲೇ ಹೇಳಿದೆ.

ಜಯನಗರ ಶ್ವೇತಾ: ಹೊತ್ತು, ಪ್ರಮಾಣ ಎರಡನ್ನೂ ಬರೆದುಕೊಳ್ಳುತ್ತೇನೆ. ಆದರೆ ಅವರ ಮಾತನ್ನು ಅಳಿಸುವುದಿಲ್ಲ. ರಾತ್ರಿ ಅನ್ನ ಬಿಟ್ಟು ದೋಸೆ ತಿನ್ನುವವರು ಯಾರು ಅಂತ ನನಗೆ ಗೊತ್ತಾಗಿದ್ದು ‘ಊಟ ಮಾಡಲಿಲ್ಲ’ ಅನ್ನುವ ಮಾತಿನಿಂದಲೇ.

ರಾಗಿಮುದ್ದೆ ಮಂಜ: ‘ಅನ್ನ ಬಿಟ್ಟು’ ಅಂತ ನೀವೇ ಬರೆದಿರಿ. ಅನ್ನ ಇದ್ದರೇನೇ ಊಟ.

ಗಿರಿನಗರ ಸುಮಾ: ನನ್ನ ಮೊಸರನ್ನಕ್ಕೆ ಇನ್ನೂ ಉತ್ತರ ಬಂದಿಲ್ಲ, ಮಂಜಣ್ಣ.