ಸಮುದ್ರ ಏರುತ್ತಿದೆ ಅಂತಾರೆ, ದಡದಲ್ಲೇ ಇರುವ ನಮಗೆ ಯಾಕೆ ಕಾಣುತ್ತಿಲ್ಲ?

ಪ್ರಶ್ನೆ

ನಾನು ಹುಟ್ಟಿ ಬೆಳೆದದ್ದು ಸಮುದ್ರದ ಪಕ್ಕದಲ್ಲೇ. ಮನೆಯ ಜಗಲಿಯಿಂದ ನೀರು ಕಾಣುತ್ತದೆ. ಅಪ್ಪನಿಗೆ ಈಗ ಎಪ್ಪತ್ತೆರಡು. ಸಮುದ್ರ ಮಟ್ಟ ಏರುತ್ತಿದೆ ಅನ್ನುವ ಸುದ್ದಿ ಬಂದಾಗಲೆಲ್ಲ ಅವರು ಹೊರಗೆ ಕೈ ತೋರಿಸುತ್ತಾರೆ. "ಎಲ್ಲಿ ಏರಿದೆ? ನಾನು ಚಿಕ್ಕವನಿದ್ದಾಗಲೂ ನೀರು ಅಲ್ಲೇ ಇತ್ತು" ಅನ್ನುತ್ತಾರೆ.

ಮೊನ್ನೆ ಹಳೇ ಪೆಟ್ಟಿಗೆಯಲ್ಲಿ 1981ರ ಒಂದು ಫೋಟೋ ಸಿಕ್ಕಿತು. ಅಪ್ಪ ದಡದ ದೊಡ್ಡ ಬಂಡೆಯ ಮೇಲೆ ಕೂತಿದ್ದಾರೆ, ಬಂಡೆಯ ಬುಡಕ್ಕೆ ನೀರು ತಾಗುತ್ತಿದೆ. ನಾನೂ ಅದೇ ಬಂಡೆಯ ಹತ್ತಿರ ಹೋಗಿ ಒಂದು ಫೋಟೋ ತೆಗೆದೆ. ಪಕ್ಕಪಕ್ಕ ಇಟ್ಟು ನೋಡಿದರೆ ಹೊಸ ಫೋಟೋದಲ್ಲೇ ನೀರು ಕೆಳಗಿದೆ. ಅಪ್ಪನ ಕಣ್ಣು ತಪ್ಪು ಅಂತ ಹೇಳೋಕೆ ನನಗೆ ಮನಸ್ಸಿಲ್ಲ. ಅಷ್ಟೊಂದು ಜನ ಅಳೆದು ಹೇಳಿದ್ದು ಸುಳ್ಳು ಅಂತಾನೂ ಅನ್ನಿಸುವುದಿಲ್ಲ. ದಡದಲ್ಲಿ ಬದುಕುವವರಲ್ಲಿ ಯಾರಿಗಾದರೂ ನಿಜವಾಗಿ ಗೊತ್ತಾಗಿದೆಯಾ? ಗೊತ್ತಾಗಿದ್ದರೆ ಯಾವುದರಿಂದ?

ಉತ್ತರ 1

ಎರಡೂ ಫೋಟೋ ತೆಗೆದ ದಿನ, ಗಂಟೆ ಗೊತ್ತಾ? ಅದಿಲ್ಲದೆ ಹೋಲಿಸೋಕೆ ಆಗಲ್ಲ. ತುಂಬಾ ಕಡೆ ನೀರು ದಿನಕ್ಕೆ ಎರಡು ಸಲ ಏರಿ ಇಳಿಯುತ್ತದೆ. ಒಂದೆರಡು ಮೀಟರ್ ಹೆಚ್ಚುಕಡಿಮೆ ಆಗುವುದು ಮಾಮೂಲು. ಆದರೆ 1901ರಿಂದ 2018ರವರೆಗೆ ಇಡೀ ಜಗತ್ತಿನ ಸರಾಸರಿ ಏರಿಕೆ ಸುಮಾರು 20 ಸೆಂ.ಮೀ. ಮಾತ್ರ. ಅಷ್ಟು ಏರಿಕೆ ಒಂದು ಉಬ್ಬರದೊಳಗೆ ಅಡಗಿ ಹೋಗುತ್ತದೆ.

ನ್ಯೂಯಾರ್ಕಿನ ಸ್ಟ್ಯಾಚ್ಯೂ ಆಫ್ ಲಿಬರ್ಟಿಯ ಹಳೇ ಫೋಟೋ, ಹೊಸ ಫೋಟೋ ಪಕ್ಕದಲ್ಲಿಟ್ಟು "ನೋಡಿ, ಏನೂ ಏರಿಲ್ಲ" ಅನ್ನುವ ಪೋಸ್ಟ್ ಆಗಾಗ ಬರುತ್ತಿರುತ್ತದೆ. ಅಲ್ಲಿ ಆಗುವ ತಪ್ಪೂ ಇದೇ. ಅದೇ ಬಂದರಿನಲ್ಲಿ ಬ್ಯಾಟರಿ ಅನ್ನುವ ಜಾಗದಲ್ಲಿ 1856ರಿಂದ ನೀರಿನ ಮಟ್ಟ ಅಳೆಯುತ್ತಿದ್ದಾರೆ. ಅಲ್ಲಿನ ಏರಿಕೆ ನೂರು ವರ್ಷಕ್ಕೆ ಸುಮಾರು 30 ಸೆಂ.ಮೀ.

ಉತ್ತರ 2

ನಾನು 31 ವರ್ಷ ಒಂದು ಧಕ್ಕೆಯಲ್ಲಿ, ಅಂದರೆ ದೋಣಿ ನಿಲ್ಲುವ ಕಟ್ಟೆಯಲ್ಲಿ, ಕೆಲಸ ಮಾಡಿದವನು. ಬಂದ ದೋಣಿಗಳನ್ನು ಹಗ್ಗದಿಂದ ಕಟ್ಟಿಸುವುದು, ಸಾಮಾನು ಇಳಿಸಿದ ಲೆಕ್ಕ ಬರೆಯುವುದು. ನಿಮ್ಮ ಅಪ್ಪ ಹೇಳಿದ್ದನ್ನೇ ನಾನೂ ತುಂಬಾ ವರ್ಷ ಹೇಳುತ್ತಿದ್ದೆ. ಸಮುದ್ರವನ್ನು ದಿನಾ ನೋಡುವವನಿಗೆ ಅದು ಏರಿದ್ದು ಕಾಣುವುದಿಲ್ಲ. ನನಗೆ ಗೊತ್ತಾಗಿದ್ದು ರಸ್ತೆ ನೋಡಿ.

ಧಕ್ಕೆಯ ಹಿಂದೆ ಒಂದು ತಗ್ಗು ರಸ್ತೆ ಇತ್ತು, ಅದರ ಪಕ್ಕದಲ್ಲಿ ಮಳೆನೀರಿನ ಚರಂಡಿ. ಒಂದು ಬೆಳಿಗ್ಗೆ ಆಕಾಶದಲ್ಲಿ ಒಂದು ತುಂಡು ಮೋಡ ಇಲ್ಲ, ವಾರದಿಂದ ಮಳೆ ಇಲ್ಲ, ಆದರೆ ರಸ್ತೆ ಮೇಲೆ ಪಾದ ಮುಳುಗುವಷ್ಟು ನೀರು. ಚರಂಡಿ ಕಟ್ಟಿದೆ ಅಂದುಕೊಂಡು ಜನ ಕರೆಸಿ ಹೂಳು ತೆಗೆಸಿದೆವು. ಹದಿನೈದು ದಿನಕ್ಕೆ ಮತ್ತೆ ಬಂತು. ಮತ್ತೆ ಕ್ಲೀನ್ ಮಾಡಿಸಿದೆವು, ಮತ್ತೆ ಬಂತು. ನೀರು ಇಳಿದು ಬಿಸಿಲಿಗೆ ಒಣಗಿದ ಮೇಲೆ ರಸ್ತೆಯಲ್ಲಿ ಬಿಳಿ ಗೆರೆ ಉಳಿದಿತ್ತು. ಉಪ್ಪು! ಆಗ ಉಬ್ಬರದ ಪಟ್ಟಿ ತೆಗೆದು ತಾರೀಖು ಹೊಂದಿಸಿ ನೋಡಿದೆ. ಎಲ್ಲವೂ ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು, ಉಬ್ಬರ ಜಾಸ್ತಿ ಇರುವ ದಿನಗಳು. ಚರಂಡಿ ಕಟ್ಟಿರಲೇ ಇಲ್ಲ. ಸಮುದ್ರವೇ ಚರಂಡಿಯೊಳಗೆ ಹಿಂದಕ್ಕೆ ನುಗ್ಗಿ ರಸ್ತೆಗೆ ಬರುತ್ತಿತ್ತು.

ಅವತ್ತಿನಿಂದ ಒಂದು ನೋಟ್‌ಬುಕ್ ಇಟ್ಟೆ. ರಸ್ತೆಗೆ ನೀರು ಬಂದ ದಿನ ಒಂದು ಗೀಟು, ಅಷ್ಟೇ. ಮೊದಮೊದಲು ವರ್ಷಕ್ಕೆ ಒಂದೆರಡು ಗೀಟು. ನಾನು ಕೆಲಸ ಬಿಡುವ ಹೊತ್ತಿಗೆ ಒಂದು ವರ್ಷದ ಗೀಟುಗಳಿಗೆ ಒಂದು ಸಾಲು ಸಾಲುತ್ತಿರಲಿಲ್ಲ.

ಕೆಲವೇ ಸೆಂಟಿಮೀಟರಿಗೆ ಇಷ್ಟು ಬದಲಾಗುತ್ತಾ ಅಂತ ನನಗೂ ಅನುಮಾನ ಇತ್ತು. ಯೋಚಿಸಿ ನೋಡಿ. ವರ್ಷದ ಅತಿ ದೊಡ್ಡ ಉಬ್ಬರ ಒಂದೆರಡು ದಿನ ಮಾತ್ರ ರಸ್ತೆಯ ಅಂಚು ಮುಟ್ಟುತ್ತಿತ್ತು. ಅದಕ್ಕಿಂತ ನಾಲ್ಕು ಬೆರಳು ಕಡಿಮೆ ಏರುವ ಉಬ್ಬರಗಳು ಬೇಕಾದಷ್ಟಿದ್ದವು. ಅವು ನಮ್ಮ ಕಣ್ಣಿಗೆ ಬಿದ್ದಿರಲಿಲ್ಲ, ಯಾಕೆಂದರೆ ಅವು ರಸ್ತೆ ದಾಟಿರಲಿಲ್ಲ. ನೀರು ಆ ನಾಲ್ಕು ಬೆರಳು ಏರಿದ ಮೇಲೆ ಅವೆಲ್ಲ ಒಟ್ಟಿಗೆ ಒಳಗೆ ಬಂದವು. ಸಾಮಾನ್ಯ ದಿನದ ಸಮುದ್ರ ನೋಡಿದರೆ ಇದು ಯಾವತ್ತೂ ತಿಳಿಯುವುದಿಲ್ಲ. ಹಿಂದೆ ನೂರು ವರ್ಷಕ್ಕೊಮ್ಮೆ ಬರುತ್ತಿದ್ದ ಎತ್ತರದ ನೀರು 2100ರ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಅಳತೆ ಕೇಂದ್ರಗಳಲ್ಲಿ ವರ್ಷಕ್ಕೊಮ್ಮೆಯಾದರೂ ಬರಬಹುದು ಅಂತ ಐಪಿಸಿಸಿಯ (ಹವಾಮಾನ ಬದಲಾವಣೆ ಬಗ್ಗೆ ವಿಶ್ವಸಂಸ್ಥೆಯ ತಜ್ಞರ ಸಮಿತಿ) 2021ರ ವರದಿ ಹೇಳುತ್ತದೆ. ಅದನ್ನು ಓದಿದಾಗ ನನ್ನ ಗೀಟುಗಳೇ ನೆನಪಾದವು. ಆ ದಿನ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ.

ಇನ್ನೊಂದು ಗುರುತು ಪಾಚಿ. ನಮ್ಮ ಧಕ್ಕೆಯ ಮೆಟ್ಟಿಲಲ್ಲಿ ನೀರಿನ ಕಡೆಯಿಂದ ಹತ್ತಿದ ಹಸಿರು ಪಾಚಿ, ಮೇಲಿನಿಂದ ಎಣಿಸಿದರೆ ಐದನೇ ಮೆಟ್ಟಿಲವರೆಗೆ ಇತ್ತು. ನಾಲ್ಕನೆಯದರ ಮೇಲೆ ಧೈರ್ಯವಾಗಿ ಕಾಲಿಡಬಹುದಿತ್ತು. ಕೊನೆಯ ವರ್ಷಗಳಲ್ಲಿ ಆ ನಾಲ್ಕನೇ ಮೆಟ್ಟಿಲ ಅಂಚಲ್ಲೂ ಹುಡುಗರು ಜಾರುತ್ತಿದ್ದರು. ಪಾಚಿ ಒಂದು ದಿನದ ನೀರಿಗೆ ಬೆಳೆಯುವುದಿಲ್ಲ, ಪದೇ ಪದೇ ಒದ್ದೆಯಾಗುವ ಎತ್ತರದವರೆಗೆ ಮಾತ್ರ ಬೆಳೆಯುತ್ತದೆ. ಹಾಗಾಗಿ ಅದು ಫೋಟೋಗಿಂತ ಒಳ್ಳೆಯ ಸಾಕ್ಷಿ. ವೆನಿಸ್‌ನಲ್ಲಿ ಇದನ್ನೇ ಹಿಡಿದು ದೊಡ್ಡ ಕೆಲಸ ಮಾಡಿದ್ದಾರೆ. 18ನೇ ಶತಮಾನದಲ್ಲಿ ಕೆನಲೆಟ್ಟೊ ಅನ್ನುವ ಚಿತ್ರಕಾರ ಅಲ್ಲಿನ ಕಾಲುವೆ ಪಕ್ಕದ ಅರಮನೆಗಳನ್ನು ಗೋಡೆಯ ಪಾಚಿ ಗೆರೆಯ ಸಮೇತ ಬರೆದಿಟ್ಟಿದ್ದ. ವಿಜ್ಞಾನಿಗಳು ಅದೇ ಕಟ್ಟಡಗಳ ಹತ್ತಿರ ಹೋಗಿ ಈಗಿನ ಗೆರೆ ಎಲ್ಲಿದೆ ಅಂತ ನೋಡಿದರು. ಗೆರೆ 60 ಸೆಂ.ಮೀ.ಗಿಂತ ಜಾಸ್ತಿ ಮೇಲೆ ಹೋಗಿತ್ತು. ಅದರಲ್ಲಿ ನೆಲ ಕುಸಿದ ಪಾಲೂ ಇದೆ.

ಕಣ್ಣಿಗೆ ಕಾಣದ್ದನ್ನು ಅಳೆಯುವುದು ಹೇಗೆ ಅಂದರೆ, ಹಳೇ ಬಂದರುಗಳಲ್ಲಿ ಒಂದು ದಪ್ಪ ಕೊಳವೆಯನ್ನು ನೀರಲ್ಲಿ ನಿಲ್ಲಿಸಿರುತ್ತಾರೆ. ಬುಡದಲ್ಲಿ ಸಣ್ಣ ತೂತು. ಹೊರಗೆ ಅಲೆ ಎಷ್ಟೇ ಕುಣಿದರೂ ಆ ತೂತಿನಿಂದ ನೀರು ನಿಧಾನಕ್ಕೆ ಒಳಗೆ ಬರುತ್ತದೆ, ಹಾಗಾಗಿ ಒಳಗಿನ ನೀರು ಶಾಂತ. ಅದರ ಮೇಲೆ ಒಂದು ತೇಲುಬುರುಡೆ. ಅದರ ಏರಿಳಿತವನ್ನು ಗಂಟೆ ಗಂಟೆಗೆ ಬರೆದು ವರ್ಷದ ಸರಾಸರಿ ತೆಗೆಯುತ್ತಾರೆ. ಫ್ರಾನ್ಸಿನ ಬ್ರೆಸ್ಟ್‌ನಲ್ಲಿ 1807ರಿಂದ, ಮುಂಬೈಯಲ್ಲಿ 1878ರಿಂದ ನೀರಿನ ಮಟ್ಟದ ಲೆಕ್ಕ ಇದೆ. 1992ರಿಂದ ಉಪಗ್ರಹಗಳೂ ಸೇರಿಕೊಂಡವು. 1,336 ಕಿ.ಮೀ. ಎತ್ತರದಿಂದ ರೇಡಾರ್ ಬಿಟ್ಟು, ಅದು ನೀರಿಗೆ ತಾಗಿ ವಾಪಸ್ ಬರುವ ಹೊತ್ತು ನೋಡುತ್ತವೆ. ಎರಡೂ ಲೆಕ್ಕ ಹೊಂದುತ್ತವೆ. 2006ರಿಂದ 2018ರವರೆಗೆ ವರ್ಷಕ್ಕೆ 3.7 ಮಿ.ಮೀ. ಏರಿದೆ. 1971ಕ್ಕೆ ಮುಂಚಿನ ಎಪ್ಪತ್ತು ವರ್ಷಗಳಲ್ಲಿ ಅದು ವರ್ಷಕ್ಕೆ 1.3 ಇತ್ತು. ಬಿಸಿಯಾದ ನೀರು ಹಿಗ್ಗುವುದು ಒಂದು ಕಾರಣ, ನೆಲದ ಮೇಲಿನ ಹಿಮ ಕರಗಿ ಸೇರುವುದು ಇನ್ನೊಂದು.

ನಿಮ್ಮ ಅಪ್ಪನ ಕಣ್ಣಿನಲ್ಲಿ ತಪ್ಪಿಲ್ಲ. ವರ್ಷಕ್ಕೆ ನಾಲ್ಕು ಮಿ.ಮೀ.ಗಿಂತ ಕಡಿಮೆ ಏರುವುದನ್ನು ಯಾವ ಕಣ್ಣೂ ಹಿಡಿಯುವುದಿಲ್ಲ.

ಉತ್ತರ 3

ಮೇಲಿನವರು ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ದಡದಲ್ಲಿ ಕಾಣುವುದನ್ನೆಲ್ಲ ಸಮುದ್ರದ ಏರಿಕೆಯ ಲೆಕ್ಕಕ್ಕೆ ಹಾಕಬೇಡಿ. ಕಡಲ್ಕೊರೆತ ಬೇರೆ. ಅಲೆ ತಡೆಯೋಕೆ ಸಮುದ್ರದೊಳಗೆ ಕಲ್ಲಿನ ಗೋಡೆ ಕಟ್ಟಿದರೆ ದಡದುದ್ದಕ್ಕೂ ಸಾಗುವ ಮರಳು ಅಲ್ಲೇ ನಿಲ್ಲುತ್ತದೆ. ಒಂದು ಕಡೆ ಮರಳು ತುಂಬುತ್ತದೆ, ಇನ್ನೊಂದು ಕಡೆ ದಡ ಕರಗುತ್ತದೆ. ನೀರು ಒಂದು ಮಿ.ಮೀ. ಏರದಿದ್ದರೂ ಇದು ಆಗುತ್ತದೆ.

ನೆಲವೂ ಸುಮ್ನೆ ಇರುವುದಿಲ್ಲ. ಜಕಾರ್ತಾದಲ್ಲಿ ಅಂತರ್ಜಲ ಎಳೆದೆಳೆದು ಕೆಲವು ಭಾಗ ವರ್ಷಕ್ಕೆ ಹಲವು ಸೆಂಟಿಮೀಟರ್ ಕುಸಿದಿದೆ. ಸಮುದ್ರ ಅಷ್ಟು ಬೇಗ ಏರುವುದಿಲ್ಲ. ಸ್ಟಾಕ್‌ಹೋಮ್‌ನಲ್ಲಿ ಉಲ್ಟಾ. ಹಿಮಯುಗದ ಮಂಜುಗಡ್ಡೆಯ ಭಾರ ಹೋದ ಮೇಲೆ ನೆಲ ಇನ್ನೂ ಮೇಲೇಳುತ್ತಿದೆ, ಹಾಗಾಗಿ ಅಲ್ಲಿ ನೀರು ಇಳಿದ ಹಾಗೆ ಕಾಣುತ್ತದೆ. ಅಲ್ಲಿನ ಅಜ್ಜ ಒಬ್ಬರು ಸಮುದ್ರ ಹಿಂದೆ ಹೋಗಿದೆ ಅಂದರೆ ಅದೂ ನಿಜವೇ. ಧಕ್ಕೆಯ ರಸ್ತೆ ಕುಸಿದಿರಲಿಲ್ಲ ಅಂತ ಖಾತ್ರಿ ಇತ್ತಾ?

ಉತ್ತರ 2 ಬರೆದವರು ಮತ್ತೆ

ಖಾತ್ರಿ ಇಲ್ಲ. ಮಣ್ಣು ತುಂಬಿ ಮಾಡಿದ ರಸ್ತೆ ಅದು, ಸ್ವಲ್ಪ ಕುಸಿದಿರಲೇಬೇಕು. ನನ್ನ ಗೀಟುಗಳಲ್ಲಿ ಸಮುದ್ರದ ಪಾಲು ಎಷ್ಟು, ನೆಲದ ಪಾಲು ಎಷ್ಟು ಅಂತ ಬಿಡಿಸೋಕೆ ನನ್ನಿಂದ ಆಗಲ್ಲ. ಆದರೆ ಅಲ್ಲಿ ವಾಸ ಮಾಡುವವರಿಗೆ ಮನೆಯೊಳಗೆ ಬರುವ ನೀರು ಒಂದೇ. ನೆಲ ಕುಸಿಯುವ ಊರಲ್ಲಿ ಸಮುದ್ರವೂ ಏರಿದರೆ ಕಷ್ಟ ಬೇಗ ಬರುತ್ತದೆ, ಅಷ್ಟೇ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ರಾತ್ರಿ ಊಟದ ಹೊತ್ತಿಗೆ ಇದನ್ನೆಲ್ಲ ಜೋರಾಗಿ ಓದಿ ಹೇಳಿದೆ. ಹಿತ್ತಲ ಬೇಲಿಯ ಕೊನೇ ಕಂಬದ ಬುಡ ಹುಣ್ಣಿಮೆ ಹಿಂದೆಮುಂದೆ ಒದ್ದೆಯಾಗುತ್ತದಲ್ವಾ, ಅದು ಮೊದಲಿಂದಲೂ ಹಾಗೇ ಅಂತ ಅಪ್ಪ ಅಂದರು. ಅಮ್ಮ ಅಲ್ಲಿಯವರೆಗೆ ಮಾತಾಡಿರಲಿಲ್ಲ. "ಇಲ್ಲ, ನಾನು ಈ ಮನೆಗೆ ಬಂದಾಗ ಅದರ ಆಚೆಗೂ ಹಗ್ಗ ಕಟ್ಟಿ ಬಟ್ಟೆ ಒಣಹಾಕುತ್ತಿದ್ದೆ" ಅಂದರು. ಇಬ್ಬರೂ ಈಗ ಅದರ ಮೇಲೇ ಮಾತಾಡುತ್ತಿದ್ದಾರೆ.

ನನಗೂ ಗುರುತು ಹಾಕಬೇಕು ಅನ್ನಿಸಿದೆ. ಎಲ್ಲಿ ಹಾಕಲಿ, ಹೇಗೆ ಹಾಕಲಿ?

ಉತ್ತರ 2 ಬರೆದವರು

ಬೇಲಿ ಕಂಬಕ್ಕೆ ಬೇಡ, ಅದು ಅಲುಗಾಡುತ್ತದೆ. ಅಪ್ಪ ಕೂತಿದ್ದ ಬಂಡೆಗೇ ಹಾಕಿ. ತಿಂಗಳ ಅತಿ ದೊಡ್ಡ ಉಬ್ಬರ ಯಾವತ್ತು, ಎಷ್ಟು ಗಂಟೆಗೆ ಅಂತ ಪಟ್ಟಿಯಲ್ಲಿ ನೋಡಿಕೊಂಡು ಅರ್ಧ ಗಂಟೆ ಮೊದಲೇ ಹೋಗಿ. ಬಂಡೆಯ ದಡದ ಕಡೆಯ ಮಗ್ಗುಲಲ್ಲಿ ಅಲೆ ಬಡಿಯುವುದು ಕಡಿಮೆ, ಅಲ್ಲಿ ಅಳೆಯಿರಿ. ನೀರು ಏರಿ ನಿಂತಾಗ ಅದರ ಮಟ್ಟಕ್ಕೆ ಬಣ್ಣದ ಗೆರೆ ಎಳೆಯಿರಿ. ತಾರೀಖು, ಗಂಟೆ, ಗಾಳಿ ಇತ್ತಾ ಅನ್ನುವುದನ್ನು ಒಂದು ಪುಸ್ತಕದಲ್ಲಿ ಬರೆಯಿರಿ. ಆ ದಿನದ ಗಾಳಿಯ ಒತ್ತಡವೂ ಸಿಕ್ಕಿದರೆ ಒಳ್ಳೆಯದು. ಒತ್ತಡ ಒಂದು ಮಿಲಿಬಾರ್ ಇಳಿದರೆ ನೀರು ಸುಮಾರು ಒಂದು ಸೆಂ.ಮೀ. ಏರುತ್ತದೆ, ಬಿರುಗಾಳಿಯ ದಿನದ ಗೆರೆ ನಂಬಬೇಡಿ.

ನಾಲ್ಕೈದು ವರ್ಷದಲ್ಲಿ ಉತ್ತರ ಸಿಗುವುದಿಲ್ಲ. ಚಂದ್ರನ ದಾರಿಯ ವಾಲುವಿಕೆ 18.6 ವರ್ಷಕ್ಕೊಮ್ಮೆ ಒಂದು ಸುತ್ತು ಬದಲಾಗುತ್ತದೆ, ಅದರ ಜೊತೆ ಉಬ್ಬರದ ಎತ್ತರವೂ ಬದಲಾಗುತ್ತದೆ. ಹಾಗಾಗಿ ಇಪ್ಪತ್ತು ವರ್ಷವಾದರೂ ಬಿಡದೆ ಹಾಕಬೇಕು.

ಅದಕ್ಕೂ ಮೊದಲು ಒಂದು ಕೆಲಸ ಇದೆ. ನಾಳೆ ಬೆಳಿಗ್ಗೆ ಅಮ್ಮನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ. ಆಗ ಹಗ್ಗದ ಆಚೆ ತುದಿ ಎಲ್ಲಿ ಕಟ್ಟುತ್ತಿದ್ದರು ಅಂತ ಅವರೇ ನಿಂತು ತೋರಿಸಲಿ. ಯಾವ ವರ್ಷ ಅಂತಲೂ ಕೇಳಿ. ಪುಸ್ತಕದ ಮೊದಲ ಪುಟದಲ್ಲಿ ಅದನ್ನು ಬರೆಯಿರಿ.